ಶೀಘ್ರಲಿಪಿ ನಿಲ್ಲಲಿ

ಐದು ನಿಮಿಷಕ್ಕೊಮ್ಮೆ ನಮ್ಮ ಸರದಿ ಬದಲಾಗುತ್ತದೆ.
ನಾನು, ಇಲ್ಲವೇ ಓಗಿಸೊ,
ಅಧ್ಯಕ್ಷರ ಪೀಠದ ಕೆಳಗಿನ ತಗ್ಗು ಮೇಜಿಗೆ
ಬೆಕ್ಕಿನ ಹೆಜ್ಜೆಯಲ್ಲಿ ಬಂದು ಕೂರುತ್ತೇವೆ.
ಮುಖವೆತ್ತಬಾರದು.
ಕಣ್ಣು ನೋಡಿದರೆ ಕಿವಿ ತಪ್ಪುತ್ತದೆ, ಎನ್ನುತ್ತಿದ್ದರು ನಮ್ಮ ಮೇಷ್ಟ್ರು.
ಅವರ ಶಾಲೆಗೆ ಬಾಗಿಲು ಹಾಕಿ ಬಹಳ ವರ್ಷವಾಯಿತು.
ನಾವಿಬ್ಬರೂ ನಿವೃತ್ತರಾದ ಮೇಲೆ
ಕೇಳಿಸಿಕೊಳ್ಳುವುದಕ್ಕೆ ಯಂತ್ರವಿದೆ.

ಇವತ್ತು ಪೇಟೆಂಟ್ ಕಾಯಿದೆಗೆ ತಿದ್ದುಪಡಿ.
ಬಚ್ಚಿಡಬೇಕಾದ ವಿದ್ಯೆಗಳ ಪಟ್ಟಿ
ಮೊದಲು ಒಂದು ಪುಟವಿತ್ತು, ಈಗ ಮೂರೂವರೆ.
ಅದರಲ್ಲಿ ಬಿದ್ದ ಅರ್ಜಿ ಪ್ರಕಟವಾಗದು.
ಮಾಡುವಂತಿಲ್ಲ, ಮಾರುವಂತಿಲ್ಲ,
ಗಡಿ ದಾಟಿಸುವಂತಿಲ್ಲ, ಬಾಯಿ ಬಿಡುವಂತಿಲ್ಲ.
ನಷ್ಟಕ್ಕೆ ಪರಿಹಾರ ಉಂಟು:
ಕೊನೆಯ ಉಪವಿಧಿ, ಒಂದೇ ಸಾಲು.
ಮಂತ್ರಿಗಳು ಅದನ್ನು ಒಂದೇ ಉಸಿರಿಗೆ ಓದಿದರು,
ನನ್ನ ಪೆನ್ಸಿಲ್ಲು ನಾಲ್ಕು ಕೊಕ್ಕೆಯಲ್ಲಿ ಹಿಡಿಯಿತು.

ನೌಕಾದಳದ ನಿವೃತ್ತ ಅಧಿಕಾರಿಯ ದನಿ ಮೆತ್ತಗಿತ್ತು.
"ಒಮ್ಮೆ ಅಚ್ಚಾದದ್ದನ್ನು ವಾಪಸು ತರಲಾಗದು.
ನಾನು ಈ ಮಾತಾಡುವಾಗಲೂ
ನಮ್ಮ ಹುಡುಗರು ನೀರಿನಡಿಯಲ್ಲಿದ್ದಾರೆ."
ಅದು ಸುಳ್ಳಲ್ಲ.
ಸುಳ್ಳಿಗೆ ನನ್ನ ಗೆರೆ ತುಸು ಜಾರುತ್ತದೆ,
ಇಪ್ಪತ್ತೊಂಬತ್ತು ವರ್ಷದ ಅನುಭವ.
ಜಾರಲಿಲ್ಲ.

ಆಮೇಲೆ ಸಾಕ್ಷಿ ನಿಶಿಗಾಕಿ.
ಹಿಗಾಶಿ ಒಸಾಕಾದಲ್ಲಿ ಹನ್ನೊಂದು ಜನರ ಕಾರ್ಖಾನೆ.
ಹಳೇ ಕಾನೂನಿನಡಿಯೇ ಮೂರು ವರ್ಷದಿಂದ
ಆತನ ಅರ್ಜಿ ಯಾವುದೋ ಕಪಾಟಿನಲ್ಲಿದೆ.
ಊರಿನ ಮಾತು, ಯಂತ್ರದ ಸದ್ದಿನ ಮೇಲೆ ಮಾತಾಡಿ
ದಪ್ಪಗಾದ ಗಂಟಲು.
ಅಚ್ಚಿಗೆ ಹೋಗುವ ಮುಂಚೆ ಆ ಮಾತಿಗೆ ಇಸ್ತ್ರಿ ಹಾಕುತ್ತಾರೆ.
ನಾನು ಸುಕ್ಕು ಸಮೇತ ಬರೆದುಕೊಂಡೆ.

ನಿಮಗಾದ ನಷ್ಟವೇನು? ಟೊಕೊನಾಮಿ ಕೇಳಿದರು,
ವಿರೋಧ ಪಕ್ಷದವರು, ಆದರೂ ಕೂಗದವರು.
"ಹೇಳೋ ಹಾಗಿಲ್ಲ."
ಎಷ್ಟು ಎಂದಾದರೂ?
"ಎಷ್ಟು ಅಂದ್ರೆ ಯಾವುದು ಅಂತ ಗೊತ್ತಾಗಿಬಿಡುತ್ತಂತೆ."
ಹಾಗಾದರೆ ಪರಿಹಾರ ಕೇಳುವುದು ಹೇಗೆ?
"ಅದನ್ನೇ ನಾನೂ ಕೇಳೋಣ ಅಂತ ಬಂದೆ."
ಯಾರೋ ನಕ್ಕರು. ಒಬ್ಬರೇ.
ಯಾರಿಗೋಸ್ಕರ ಮಾಡಿದಿರಿ, ಅದನ್ನಾದರೂ?
ನೀರಿನ ಲೋಟ ಎತ್ತಿದ ಸದ್ದು. ಇಟ್ಟ ಸದ್ದು.
"ನನ್ನ ಮೊಮ್ಮಗಳಿಗೆ ಉಸಿರಾಟ..."

"ಶೀಘ್ರಲಿಪಿ ನಿಲ್ಲಲಿ," ಎಂದರು ಅಧ್ಯಕ್ಷರು.

ನಿಲ್ಲಿಸಿದೆ.
ಪೆನ್ಸಿಲ್ಲನ್ನು ಕಾಗದದಿಂದ ಒಂದು ಬೆರಳು ಮೇಲೆತ್ತಿ ಹಿಡಿಯುವುದು,
ಅದು ಕ್ರಮ.
ಕಿವಿಗೆ ಅಂಥ ಕ್ರಮವಿಲ್ಲ.
ಮುದುಕ ಮಾತು ಮುಗಿಸಿದ.
ಕೋಣೆಯಲ್ಲಿದ್ದ ನಲವತ್ತು ಜನ
ಅದನ್ನು ಕೇಳಿಸಿಕೊಳ್ಳದವರಾಗಲು ಒಪ್ಪಿದೆವು.
ನಡಾವಳಿಯಲ್ಲಿ ಆ ಜಾಗಕ್ಕೆ ಎರಡು ಪದ, ಕಂಸದೊಳಗೆ;
ಮುಂದಿನ ಸಾಲಿನಲ್ಲಿ ಟೊಕೊನಾಮಿಯವರ ಧನ್ಯವಾದ.

ಈ ನನ್ನ ಕೊಕ್ಕೆ ಬಳ್ಳಿ ಚುಕ್ಕಿಗಳನ್ನು ಓದಬಲ್ಲವರು
ಇಡೀ ಟೋಕಿಯೋದಲ್ಲಿ ಬೆರಳೆಣಿಕೆಯಷ್ಟು.
ಬಹಿರಂಗ ಕಲಾಪವೆಲ್ಲ ಮೊದಲು ಇಳಿಯುವುದು
ಯಾರಿಗೂ ತಿಳಿಯದ ಈ ಲಿಪಿಗೆ.
ಇಷ್ಟು ವರ್ಷ ಇದು ನನಗೆ ತಮಾಷೆ ಅನಿಸಿರಲಿಲ್ಲ.

ಪರವಾಗಿರುವವರು ಎದ್ದು ನಿಲ್ಲಿ.
ತಲೆ ತಗ್ಗಿಸಿದ್ದರೂ
ಕುರ್ಚಿಗಳು ಹಿಂದೆ ಸರಿದ ಸದ್ದಿನಲ್ಲೇ
ಬಹುಮತ ಎಷ್ಟೆಂದು ಬರೆಯಬಲ್ಲೆ.

ಕೋಣೆ ಖಾಲಿಯಾಗುವಾಗ ನನ್ನ ಮೇಜಿನೆದುರು
ಒಂದು ಜೊತೆ ಬೂಟು ನಿಂತಿತು.
ಹೊಲಿಗೆಯ ಸಂದಿನಲ್ಲಿ ಉಕ್ಕಿನ ಸಣ್ಣ ಸುರುಳಿ, ಹೊಳೆಯುತ್ತ.
ಆ ದಿನ ಮೊದಲ ಸಲ ಮುಖವೆತ್ತಿದೆ.
ಆತ ನೋಡುತ್ತಿದ್ದದ್ದು ನನ್ನ ಕೈಯನ್ನು,
ತನ್ನ ಕಾರ್ಖಾನೆಯ ಹೊಸ ಹುಡುಗನ ಕೈಯನ್ನು ನೋಡುವ ಹಾಗೆ.

"ಪೆನ್ಸಿಲ್ ನಿಂತಿತ್ತು, ಅಮ್ಮ," ಅಂದ.
"ಹೆಬ್ಬೆರಳು ನಿಂತಿರಲಿಲ್ಲ."